ಗ್ರ್ಯಾಂಡ್ ಬುಲೆವಾರ್ಡಿನ ಮುರಿದ ತಾಳ

ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ ಇಳಿಯುವ ಕನ್ನಡಿಗರಲ್ಲಿ ಹೆಚ್ಚಿನವರು ಕ್ಯಾಂಟನ್, ನೋವೈ, ಟ್ರಾಯ್ ಎಂಬ ಉಪನಗರಗಳಲ್ಲಿರುವ ನೆಂಟರ ಮನೆಗೆ ಹೋಗುತ್ತಾರೆ. ಕಾರು ಕಂಪನಿಗಳು ಕರೆತಂದ ಎಂಜಿನಿಯರುಗಳು ಅಲ್ಲಿ ಧಾರಾಳವಾಗಿದ್ದಾರೆ. ಪಂಪನ ಹೆಸರಿನಲ್ಲಿ ಒಂದು ಕನ್ನಡ ಕೂಟವೂ ಇದೆ. ಅಕ್ಕನ ಮನೆಯಿರುವುದು ಕ್ಯಾಂಟನ್ನಿನಲ್ಲಿ. ಭಾವ ಬಿಡಿಭಾಗಗಳ ಕಂಪನಿಯೊಂದರಲ್ಲಿ ಬ್ರೇಕ್ ವಿನ್ಯಾಸ ಮಾಡುವವರು. ನನ್ನನ್ನು ಕರೆದೊಯ್ಯಲು ಬಂದವರಿಗೆ ನಾನು, ಮನೆಗೆ ಹೋಗುವ ಮುಂಚೆ ಹತ್ತೇ ನಿಮಿಷದ ದಾರಿಯಲ್ಲಿರುವ ಬೆಲ್‌ವಿಲ್‌ಗೆ ಹೋಗಿ ಬರೋಣ ಎಂದೆ.

“ಹದಿನೆಂಟು ವರ್ಷದಿಂದ ಇಲ್ಲಿದ್ದೇನೆ, ಬೆಲ್‌ವಿಲ್ ನೋಡಬೇಕು ಎಂದವನು ನೀನೊಬ್ಬನೇ. ಅಲ್ಲಿ ನೋಡುವುದೇನಿದೆ?” ಎಂದರು ಭಾವ.

ಪ್ರಶ್ನೆ ನ್ಯಾಯವಾದದ್ದೇ. ಒಂದು ಕೆರೆ, ಒಂದು ಸೇತುವೆ, ಚಿಕ್ಕ ಪೇಟೆ ಬೀದಿ, ಅಂಗಳದಲ್ಲಿ ದೋಣಿ ನಿಲ್ಲಿಸಿಕೊಂಡ ಮನೆಗಳು. ನಾವು ಸುತ್ತಿದ ಬೀದಿಗಳಲ್ಲಿ ಸಂಗೀತದ ಸುಳಿವೇ ಇರಲಿಲ್ಲ. ಆದರೆ ಈ ಊರಿನ ಶಾಲೆಯಲ್ಲಿ ಓದಿದ ಹುವಾನ್ ಆಟ್ಕಿನ್ಸ್ ಎಂಬ ಹುಡುಗನಿಗೆ ಅಜ್ಜಿ ಕಾರ್ಗ್ ಎಂಎಸ್-10 ಎಂಬ ಪುಟ್ಟ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ, ಕೊಡಿಸಿದಳು. ಅವನು ಇಲ್ಲಿಗೆ ಹತ್ತಿರದ ವಾಷ್ಟನಾ ಕಮ್ಯುನಿಟಿ ಕಾಲೇಜು ಸೇರಿದಾಗ, ವಿಯೆಟ್ನಾಂ ಯುದ್ಧದಿಂದ ಮರಳಿ ಬಂದಿದ್ದ ರಿಕ್ ಡೇವಿಸ್ ಎಂಬಾತನ ಪರಿಚಯವಾಯಿತು. ಇಬ್ಬರೂ ಸೇರಿ ‘ಸೈಬೋಟ್ರಾನ್’ ಎಂದು ಹೆಸರಿಟ್ಟುಕೊಂಡು 1981ರಲ್ಲಿ ‘ಆಲೀಸ್ ಆಫ್ ಯುವರ್ ಮೈಂಡ್’, 1983ರಲ್ಲಿ ‘ಕ್ಲಿಯರ್’ ಹೊರತಂದರು. ಇಪ್ಪತ್ತೆರಡು ವರ್ಷದ ನಂತರ ರ್ಯಾಪ್ ಗಾಯಕಿ ಮಿಸ್ಸಿ ಎಲಿಯಟ್ ತನ್ನ ಜನಪ್ರಿಯ ಹಾಡೊಂದಕ್ಕೆ ಎತ್ತಿಕೊಂಡದ್ದು ಈ ‘ಕ್ಲಿಯರ್’ನ ಎಳೆಯನ್ನೇ. ಎಲೆಕ್ಟ್ರೋ ಎಂದು ಕರೆಯುವ, ಯಂತ್ರಗಳ ಮೇಲೆ ಕಟ್ಟಿದ ಕುಣಿತದ ಸಂಗೀತದ ಬುನಾದಿ ಕಲ್ಲುಗಳಲ್ಲಿ ಒಂದೆರಡು ಈ ದೋಣಿಗಳ ಊರಿನಿಂದ ಬಂದವು. ಇದನ್ನೆಲ್ಲ ಹೇಳಿದಾಗ ಭಾವ ಗಡಿಯಾರ ನೋಡಿಕೊಂಡರು. ಮನೆಯಲ್ಲಿ ಅಕ್ಕ ಬಿಸಿಬೇಳೆಬಾತ್ ಮಾಡಿಟ್ಟಿದ್ದಳು.

ಈ ಪ್ರವಾಸದ ಉದ್ದಕ್ಕೂ ನನಗೆ ಕಾಡಿದ ತೊಡಕು ಇದೇ. ಹುಡುಕಿಕೊಂಡು ಬಂದದ್ದು ಕಣ್ಣಿಗೆ ಕಾಣುವಂಥದ್ದಲ್ಲ. ಈ ಸಂಗೀತ ಕಟ್ಟಿದವರಂತೂ ಬೇಕೆಂದೇ ಮುಖ ಮರೆಸಿಕೊಂಡವರು. ಇವರನ್ನೆಲ್ಲ ಬೆಳೆಸಿದ ರೇಡಿಯೋ ನಿರೂಪಕನೇ ಅಜ್ಞಾತವಾಸಿ. ‘ಎಲೆಕ್ಟ್ರಿಫೈಯಿಂಗ್ ಮೋಜೋ’ ಎಂಬ ಹೆಸರಿನಿಂದ ಡಬ್ಲ್ಯುಜಿಪಿಆರ್ ಕೇಂದ್ರದಲ್ಲಿ ರಾತ್ರಿ ಮಾತಾಡುತ್ತಿದ್ದ ಅವನು ಫೋಟೋ ತೆಗೆಸಿಕೊಳ್ಳುವವನಲ್ಲ. ‘ಮಾತೃನೌಕೆ ಇಳಿಯುತ್ತಿದೆ, ಜಗುಲಿಯ ದೀಪ ಹಚ್ಚಿ, ಕಾರಿನಲ್ಲಿದ್ದರೆ ಹೆಡ್‌ಲೈಟ್ ಮಿನುಗಿಸಿ’ ಎಂದು ಕೇಳುಗರಿಗೆ ಹೇಳುತ್ತಿದ್ದನಂತೆ, ಊರು ಮಿನುಗುತ್ತಿತ್ತಂತೆ. ಕಪ್ಪು ಜನರ ನಗರದ ಕಪ್ಪು ಜನರ ರೇಡಿಯೋದಲ್ಲಿ ಅವನು ಜರ್ಮನಿಯ ಡ್ಯೂಸೆಲ್ಡಾರ್ಫಿನ ಕ್ರಾಫ್ಟ್‌ವರ್ಕ್ ತಂಡದ ‘ಕಂಪ್ಯೂಟರ್ ವರ್ಲ್ಡ್’ ಹಾಕಿದ. ಟೈ ಕಟ್ಟಿಕೊಂಡು ರೋಬೋಗಳಂತೆ ನಿಲ್ಲುತ್ತಿದ್ದ ನಾಲ್ವರು ಬಿಳಿಯರ ಸಂಗೀತವನ್ನು ಡೆಟ್ರಾಯಿಟಿನ ಹುಡುಗರು ತಮ್ಮದೇ ಎಂಬಂತೆ ಬಾಚಿಕೊಂಡರು.

ಮಾರನೆಯ ದಿನ ಐ-94 ಹೆದ್ದಾರಿ ಹಿಡಿದು ನಗರಕ್ಕೆ ಹೊರಟೆವು. ದಾರಿಯಲ್ಲಿ ಎಂಬತ್ತು ಅಡಿ ಎತ್ತರದ ಟೈರೊಂದು ನಿಂತಿದೆ. 1964ರ ನ್ಯೂಯಾರ್ಕ್ ಜಾಗತಿಕ ಮೇಳದಲ್ಲಿ ಅದು ಜನ ಕೂತು ತಿರುಗುವ ಜಯಂಟ್ ವೀಲ್ ಆಗಿತ್ತು. ಕಾರಿನಲ್ಲಿ ಎರಡು ಹಾಡು ಹಾಕಿ ಭಾವನಿಗೆ ವ್ಯತ್ಯಾಸ ಕೇಳಿಸಿದೆ. ಮೊದಲನೆಯದು ಇದೇ ನಗರದಲ್ಲಿ ಬೆಳೆದ ಅದರ ಸೋದರ ಸಂಗೀತ ಟೆಕ್ನೋ, ಎರಡನೆಯದು ಎಲೆಕ್ಟ್ರೋ. “ಎರಡರಲ್ಲೂ ಹಾಡುವವರಿಲ್ಲ” ಎಂಬುದು ಅವರ ಮೊದಲ ಟೀಕೆ.

ವ್ಯತ್ಯಾಸವಿರುವುದು ತಾಳದಲ್ಲಿ. ರೋಲ್ಯಾಂಡ್ ಎಂಬ ಜಪಾನಿ ಕಂಪನಿ 1980ರಲ್ಲಿ ಟಿಆರ್-808 ಎಂಬ ಡ್ರಮ್ ಯಂತ್ರ ತಂದಿತು. ಅದರ ಕೆಳಸಾಲಿನಲ್ಲಿ ಹದಿನಾರು ಗುಂಡಿಗಳು: ನಾಲ್ಕು ಕೆಂಪು, ನಾಲ್ಕು ಕಿತ್ತಳೆ, ನಾಲ್ಕು ಹಳದಿ, ನಾಲ್ಕು ಬಿಳಿ. ಯಾವ ಗುಂಡಿ ಒತ್ತಿದರೆ ಆ ಅಕ್ಷರಕ್ಕೆ ಪೆಟ್ಟು ಬೀಳುತ್ತದೆ. ಚಿಕ್ಕಂದಿನಲ್ಲಿ ಮೃದಂಗ ಕಲಿತ ನನಗೆ ಇದು ಎಂಟೆಣಿಕೆಯ ಆದಿತಾಳವನ್ನು ಎರಡೆರಡು ಅಕ್ಷರಕ್ಕೆ ಬಿಡಿಸಿಟ್ಟಂತೆ ಕಾಣುತ್ತದೆ. ಟೆಕ್ನೋದಲ್ಲಿ ದೊಡ್ಡ ಪೆಟ್ಟು ಒಂದು, ಐದು, ಒಂಬತ್ತು, ಹದಿಮೂರರ ಮೇಲೆ ಕವಾಯತಿನಂತೆ ಬೀಳುತ್ತದೆ. ಎಲೆಕ್ಟ್ರೋದಲ್ಲಿ ಸಮದ ಮೇಲೆ ಒಂದು ಪೆಟ್ಟು ಬಿದ್ದ ಮೇಲೆ ಕಾಲು ತಯಾರಾಗಿ ಕಾಯುತ್ತದೆ, ಐದಕ್ಕೆ ಬರುವುದಿಲ್ಲ. ಏಳರ ಮೇಲೋ ಹನ್ನೊಂದರ ಮೇಲೋ ಬಂದು ಬೀಳುತ್ತದೆ. ನಡುವೆ ಚಪ್ಪಾಳೆಯ ಸದ್ದು ಮಾತ್ರ ತನ್ನ ಸ್ಥಾನ ಬಿಡದೆ ಲೆಕ್ಕ ಇಡುತ್ತಿರುತ್ತದೆ. ಇನ್ನು 808ರ ಆ ದೊಡ್ಡ ಪೆಟ್ಟಿನ ನಾದವೋ, ಮೃದಂಗದ ಎಡಮುಖವಾದ ತೊಪ್ಪಿಯ ಮೇಲೆ ಅಂಗೈ ಒತ್ತಿ ಎಳೆದ ಗುಮುಕಿಯೇ ಸರಿ. ಅದರ ಬಾಲ ಕಾರಿನ ಸೀಟಿನವರೆಗೂ ಬರುತ್ತದೆ.

ಎಂಜಿನಿಯರ್ ಭಾವನಿಗೆ ತಾಳಕ್ಕಿಂತ ಹಿಡಿಸಿದ್ದು ಯಂತ್ರದ ಕಥೆ. 808 ನಿಜವಾದ ಡ್ರಮ್ಮಿನಂತೆ ಕೇಳಿಸುವುದಿಲ್ಲವೆಂದು ಅಂದಿನ ಸ್ಟುಡಿಯೋದವರು ಮೂಗು ಮುರಿದರು. ಅದರ ಸಿಂಬಲ್ಲಿನ ಸುಂಯ್‌ಗುಡುವ ಸದ್ದಿಗಾಗಿ ರೋಲ್ಯಾಂಡ್ ಸ್ಥಾಪಕ ಇಕುತಾರೊ ಕಕೆಹಾಶಿ ಬೇಕೆಂದೇ ದೋಷವಿರುವ ಟ್ರಾನ್ಸಿಸ್ಟರುಗಳನ್ನು ಕೊಂಡಿದ್ದರು. ಅರೆವಾಹಕ ತಯಾರಿಕೆ ಸುಧಾರಿಸಿ ದೋಷದ ಬಿಡಿಭಾಗ ಸಿಗದಂತಾದಾಗ 808ರ ಕಾಲವೂ ಮುಗಿಯಿತು. 1983ರಲ್ಲಿ ತಯಾರಿಕೆ ನಿಂತಿತು. ಒಟ್ಟು ತಯಾರಾದದ್ದು ಸುಮಾರು 12,000. “ಗುಣಮಟ್ಟ ಹೆಚ್ಚಿದ್ದಕ್ಕೆ ಮಾಲು ನಿಂತದ್ದು ಇದೇ ಮೊದಲು ಕೇಳುತ್ತಿರುವುದು” ಎಂದು ಭಾವ ಸ್ಟಿಯರಿಂಗ್ ತಟ್ಟಿ ನಕ್ಕರು.

ಮಾರಾಟವಾಗದೆ ಅಗ್ಗಕ್ಕಿಳಿದ ಯಂತ್ರ ಬಡವರ ಕೈಗೆ ಸಿಕ್ಕಿತು. 1982ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಡಿಜೆ ಆಫ್ರಿಕಾ ಬಂಬಾಟಾ ಮತ್ತು ನಿರ್ಮಾಪಕ ಆರ್ಥರ್ ಬೇಕರ್ ‘ಪ್ಲಾನೆಟ್ ರಾಕ್’ ಮಾಡಿದಾಗ ಅವರ ಬಳಿ 808 ಇರಲಿಲ್ಲ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದ ಒಬ್ಬನನ್ನು ಯಂತ್ರಸಮೇತ ಇಪ್ಪತ್ತು ಡಾಲರಿಗೆ ಕರೆಸಿಕೊಂಡರು. ಕ್ರಾಫ್ಟ್‌ವರ್ಕಿನ ಒಂದು ಹಾಡಿನ ರಾಗ, ಇನ್ನೊಂದರ ತಾಳ, ಮೇಲೆ ಬೀದಿಯ ಕೂಗು. ಎಲೆಕ್ಟ್ರೋ ಲೋಕಕ್ಕೆಲ್ಲ ಗೊತ್ತಾದದ್ದು ಅಲ್ಲಿಂದ. ಅದೇ ವರ್ಷ ಮುಂಬಯಿಯಲ್ಲಿ ಚಲನಚಿತ್ರ ವಾದ್ಯಗಾರ ಚರಣ್‌ಜಿತ್ ಸಿಂಗ್ ಅದೇ 808ರ ಮೇಲೆ ಹತ್ತು ರಾಗಗಳ ಧ್ವನಿಮುದ್ರಿಕೆ ಮಾಡಿದ್ದರು. ಅದನ್ನು ಯಾರೂ ಕೇಳಲಿಲ್ಲ, 2010ರಲ್ಲಿ ಮರುಬಿಡುಗಡೆಯಾದ ಮೇಲೆ ಯುರೋಪಿನವರು ಹುಬ್ಬೇರಿಸಿದರು. ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ, 1979ರಲ್ಲೇ ಕೊಳಲುವಾದಕ ಎಂಜಿನಿಯರ್ ಜಿ. ರಾಜನಾರಾಯಣ್ ರಾಡೆಲ್ ಸಂಸ್ಥೆ ಕಟ್ಟಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡುತ್ತಿದ್ದರು. ಸರ್ಕೀಟು ಬೆಸೆಯುವ ಕೈಗಳು ಎಲ್ಲ ಕಡೆಯೂ ಇದ್ದವು. ನಮ್ಮಲ್ಲಿ ಅವು ಪರಂಪರೆಯ ನೆರವಿಗೆ ನಿಂತವು, ಡೆಟ್ರಾಯಿಟಿನಲ್ಲಿ ಜಗಳಕ್ಕೆ ನಿಂತವು.

ಗ್ರ್ಯಾಂಡ್ ಬುಲೆವಾರ್ಡ್ ಎಂಬ ಅಗಲ ರಸ್ತೆ ಹಳೆಯ ನಗರವನ್ನು ಬಿಲ್ಲಿನಂತೆ ಸುತ್ತುವರಿದಿದೆ. ಅದರ ಪಶ್ಚಿಮದ ತೋಳಿನಲ್ಲಿ ಅರವತ್ತರ ದಶಕದ ಹಾಡುಗಳಿಂದ ಹೆಸರಾದ ಮೋಟೌನ್ ರೆಕಾರ್ಡು ಕಂಪನಿಯ ನೀಲಿ-ಬಿಳಿ ಮನೆ. ಬಸ್ಸುಗಟ್ಟಲೆ ಜನ ಬರುತ್ತಾರೆ, ನಾವೂ ಅಕ್ಕನ ಒತ್ತಾಯಕ್ಕೆ ಒಂದು ಸುತ್ತು ಬಂದೆವು, ಚೆನ್ನಾಗಿದೆ. ಪೂರ್ವದ ತೋಳಿನಲ್ಲಿ, 3000ನೆಯ ಸಂಖ್ಯೆಯ ಕಟ್ಟಡದ ಮುಂದೆ ನಿಂತಾಗ ಅಕ್ಕ “ಇದು ಗೋದಾಮಲ್ಲವೇ?” ಎಂದಳು. ಇದು ‘ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್’ ಎಂಬ ಟೆಕ್ನೋ ಬಳಗದ ನೆಲೆ. ಮೈಕ್ ಬ್ಯಾಂಕ್ಸ್, ಜೆಫ್ ಮಿಲ್ಸ್ ಕಟ್ಟಿದ ಈ ಗುಂಪು ದೊಡ್ಡ ರೆಕಾರ್ಡು ಕಂಪನಿಗಳಿಗೆ ಬೆನ್ನು ತಿರುಗಿಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸಂಗೀತ ನುಡಿಸಿತು. ಒಳಗೊಂದು ಪುಟ್ಟ ಸಂಗ್ರಹಾಲಯವಿದೆ. ಟಿಕೆಟ್ ಕಿಟಕಿಯಿಲ್ಲ, ಮೊದಲೇ ತಿಳಿಸಿ ಹೋಗಬೇಕು. ಹಳೆಯ ಯಂತ್ರಗಳು, ರೆಕಾರ್ಡುಗಳು, ಭಿತ್ತಿಚಿತ್ರಗಳು. ತೋರಿಸಲು ಬಂದ ಹಿರಿಯರು ವಸ್ತುಗಳಿಗಿಂತ ನೆರೆಹೊರೆಯ ಬಗ್ಗೆ ಹೆಚ್ಚು ಮಾತಾಡಿದರು. ಯಾವ ಕಾರ್ಖಾನೆ ಎಲ್ಲಿತ್ತು, ಯಾವಾಗ ಮುಚ್ಚಿತು, ಯಾವ ಬೀದಿ ಖಾಲಿಯಾಯಿತು.

ಅದಕ್ಕೆ ಕಾರಣವಿದೆ. 1950ರಲ್ಲಿ ಹದಿನೆಂಟೂವರೆ ಲಕ್ಷ ಜನರಿದ್ದ ನಗರದಲ್ಲಿ 2020ರ ಹೊತ್ತಿಗೆ ಉಳಿದವರು ಸುಮಾರು ಆರು ಲಕ್ಷ ನಲವತ್ತು ಸಾವಿರ. ಇದೇ ರಸ್ತೆಯಲ್ಲಿ ಮುಂದೆ ಪ್ಯಾಕರ್ಡ್ ಕಾರು ಕಾರ್ಖಾನೆಯ ಹಾಳು ಕಟ್ಟಡವಿತ್ತು, ತೊಂಬತ್ತರ ದಶಕದಲ್ಲಿ ಅದರೊಳಗೆ ರಾತ್ರಿಯಿಡೀ ಕುಣಿತ ನಡೆಯುತ್ತಿತ್ತು. ಈಗ ಬಹುಪಾಲು ಕೆಡವಿದ್ದಾರೆ. ಇತ್ತ ನಡೆದು ಹೋಗುವಷ್ಟು ದೂರದಲ್ಲಿ ಪಿಕೆಟ್ ಅವೆನ್ಯೂ ಕಾರ್ಖಾನೆ, ಫೋರ್ಡ್ ಮಾಡೆಲ್ ಟಿ 1908ರಲ್ಲಿ ಹುಟ್ಟಿದ ಜಾಗ. ಅದನ್ನು ನೋಡದೆ ಭಾವ ಕದಲಲಿಲ್ಲ. ಅಲ್ಲಿ ತಯಾರಾದ ಮೊದಲ ಮಾಡೆಲ್ ಟಿ ಕಾರುಗಳೂ ಸುಮಾರು 12,000 ಎಂದು ತಿಳಿದಾಗ 808ರ ಲೆಕ್ಕ ನೆನಪಿಸಿದವರು ಅವರೇ.

ಮಧ್ಯಾಹ್ನದ ಊಟ ಹ್ಯಾಮ್‌ಟ್ರ್ಯಾಮಿಕ್‌ನ ಬಾಂಗ್ಲಾ ಹೋಟೆಲಿನಲ್ಲಾಯಿತು. ಸಂಜೆ ನದಿ ದಂಡೆಯ ಹಾರ್ಟ್ ಪ್ಲಾಜಾಕ್ಕೆ ಹೋದೆವು. ಮೇ ತಿಂಗಳ ಕೊನೆಯ ವಾರಾಂತ್ಯದಲ್ಲಿ ಇಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಹಬ್ಬ ನಡೆಯುತ್ತದೆ. 2000ದಲ್ಲಿ ಶುರುವಾದಾಗ ಪ್ರವೇಶ ಉಚಿತವಿತ್ತು, ಈಗ ಟಿಕೆಟ್ ಇದೆ. ನಾವು ಹೋದದ್ದು ಅಕ್ಟೋಬರಿನಲ್ಲಿ, ಕಾಂಕ್ರೀಟಿನ ಮೆಟ್ಟಿಲುಗಳ ಮೇಲೆ ಗಾಳಿ ಬಿಟ್ಟರೆ ಯಾರೂ ಇರಲಿಲ್ಲ. ಎದುರಿಗೆ ಕೆನಡಾ. ವಿಚಿತ್ರವೆಂದರೆ ಇಲ್ಲಿ ಕೆನಡಾ ಇರುವುದು ದಕ್ಷಿಣಕ್ಕೆ.

ದಂಡೆಯ ಮೇಲೆ ಕಂಚಿನ ಶಿಲ್ಪಗಳ ಗುಂಪೊಂದು ನಿಂತಿದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಕುಟುಂಬಗಳು. ಒಬ್ಬ ನದಿಯಾಚೆ ಬೆರಳು ತೋರುತ್ತಿದ್ದಾನೆ. ದಕ್ಷಿಣದ ರಾಜ್ಯಗಳಿಂದ ಗುಟ್ಟಾಗಿ ಓಡಿಬಂದವರ ಹಾದಿಯಲ್ಲಿ ಡೆಟ್ರಾಯಿಟ್ ಕೊನೆಯ ತಂಗುದಾಣ, ಅದರ ಗುಪ್ತನಾಮ ‘ಮಧ್ಯರಾತ್ರಿ’. ಈ ನೀರು ದಾಟಿದರೆ ಬಿಡುಗಡೆ. ಶಿಲ್ಪಿ ಎಡ್ ಡ್ವೈಟ್ ಒಂದು ಕಾಲದಲ್ಲಿ ಗಗನಯಾತ್ರಿ ತರಬೇತಿಗೆ ಆಯ್ಕೆಯಾಗಿದ್ದ ಕಪ್ಪು ವಿಮಾನಚಾಲಕ. ಅಂದು ಕಳಿಸಲಿಲ್ಲ, 2024ರಲ್ಲಿ ತೊಂಬತ್ತರ ವಯಸ್ಸಿನಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದರು.

ನಾನು ಈ ನಗರಕ್ಕೆ ಬರಲು ಮುಖ್ಯ ಕಾರಣವಾದ ಡ್ರೆಕ್ಸಿಯಾ ತಂಡದ ಬಗ್ಗೆ ಹೇಳಲು ಇದಕ್ಕಿಂತ ತಕ್ಕ ಜಾಗವಿಲ್ಲ. ಜೇಮ್ಸ್ ಸ್ಟಿನ್‌ಸನ್ ಮತ್ತು ಜೆರಾಲ್ಡ್ ಡೊನಾಲ್ಡ್ ಎಂಬ ಇಬ್ಬರು ತೊಂಬತ್ತರ ದಶಕದಲ್ಲಿ ಹೆಸರು ಹೇಳಿಕೊಳ್ಳದೆ ರೆಕಾರ್ಡು ಹೊರತಂದರು. 1997ರ ‘ದಿ ಕ್ವೆಸ್ಟ್’ ಎಂಬ ಸಂಕಲನದ ಜೊತೆ ಒಂದು ಪುರಾಣವನ್ನೂ ಅಚ್ಚು ಹಾಕಿಸಿದರು. ಅಟ್ಲಾಂಟಿಕ್ ದಾಟುವಾಗ ಗುಲಾಮರ ಹಡಗುಗಳಿಂದ ಗರ್ಭಿಣಿಯರನ್ನು ಸಮುದ್ರಕ್ಕೆ ಎಸೆಯುತ್ತಿದ್ದರು. ಗರ್ಭದಲ್ಲಿ ನೀರಿನಲ್ಲೇ ಇದ್ದ ಕೂಸುಗಳು ನೀರಿನಲ್ಲೇ ಉಸಿರಾಡಲು ಕಲಿತು, ತಳದಲ್ಲೊಂದು ನಾಡು ಕಟ್ಟಿದರೆ? ಡ್ರೆಕ್ಸಿಯಾ ಆ ನಾಡು. ಅವರ ಸಂಗೀತದಲ್ಲಿ ಅಳುವಿಲ್ಲ. ಮುರಿದ ತಾಳ ನೀರಿನ ಒತ್ತಡದಲ್ಲಿ ಕುಪ್ಪಳಿಸುತ್ತದೆ, ಮೇಲೆ ಸಿಂಥಿನ ಸ್ವರಗಳು ಗುಳ್ಳೆಯಂತೆ ಏಳುತ್ತವೆ, ಕೆಲವೊಮ್ಮೆ ತಮಾಷೆಯೂ ಇದೆ. ಲಾರಿ ಓಡಿಸಿ ಬದುಕಿದ ಸ್ಟಿನ್‌ಸನ್ 2002ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಬಹಳ ಕೇಳುಗರಿಗೆ ಅವನ ಹೆಸರು ಗೊತ್ತಾದದ್ದೇ ಆಮೇಲೆ. ಅಕ್ಕ ಆ ಪುರಾಣ ಕೇಳಿ ಶಿಲ್ಪದ ಕಡೆ ತಿರುಗಿ ಬಹಳ ಹೊತ್ತು ಸುಮ್ಮನಿದ್ದಳು, ಆಮೇಲೆ “ಹಾಕು, ಕೇಳೋಣ” ಎಂದು ಇಯರ್‌ಫೋನಿನ ಒಂದು ಎಳೆ ಇಸಿದುಕೊಂಡಳು.

ಅಕ್ಕನನ್ನು ಮನೆಗೆ ಬಿಟ್ಟು, ರಾತ್ರಿ ಭಾವ ಮತ್ತು ನಾನು ನಗರದ ಸಣ್ಣ ಬಾರೊಂದಕ್ಕೆ ಮರಳಿದೆವು. ಎಲೆಕ್ಟ್ರೋ ರಾತ್ರಿ. ಇಪ್ಪತ್ತೈದರ ಆಸುಪಾಸಿನ ಹುಡುಗಿ ರೆಕಾರ್ಡು ಹಾಕುತ್ತಿದ್ದಳು. ಅವಳ ಪೆಟ್ಟಿಗೆಯಲ್ಲಿ ಇಣುಕಿದರೆ ಅರ್ಧಕ್ಕರ್ಧ ಯುರೋಪಿನ ಮಾಲು: ಹೇಗ್, ಬರ್ಲಿನ್, ಹ್ಯಾಂಬರ್ಗಿನ ಡಿಜೆ ಹೆಲೆನಾ ಹೌಫ್. ಡ್ರೆಕ್ಸಿಯಾದ ಹಳೆಯ ಹಾಡುಗಳನ್ನು ಇಂದು ಮರುಮುದ್ರಿಸಿ ಮಾರುವುದು ರೋಟರ್‌ಡ್ಯಾಮಿನ ‘ಕ್ಲೋನ್’ ಎಂಬ ರೆಕಾರ್ಡು ಸಂಸ್ಥೆ. ಹೊಸ ಎಲೆಕ್ಟ್ರೋದ ಬಗ್ಗೆ ನನಗೆ ಒಂದು ದೂರಿದೆ. ಬಹಳಷ್ಟು ತಯಾರಕರು 808ರ ಸದ್ದನ್ನು ಎಷ್ಟು ಶುದ್ಧ ಮಾಡಿದ್ದಾರೆಂದರೆ ಅದರಲ್ಲಿ ಧೂಳಿಲ್ಲ, ನಗುವಿಲ್ಲ, ಬರೀ ಬೆದರಿಕೆ. ಹೌಫ್ ಹಾಗಲ್ಲ, ಅವಳ ಸದ್ದಿನಲ್ಲಿ ಕಬ್ಬಿಣದ ತುಕ್ಕು ಇದೆ. ಹಾಗೆಯೇ ಮುಖವಾಡ ತೊಟ್ಟು ಅತಿವೇಗದಲ್ಲಿ ನುಡಿಸುವ ಡೆಟ್ರಾಯಿಟಿನ ಡಿಜೆ ಸ್ಟಿಂಗ್‌ರೇ. ಅವನಿಗೆ ಆ ಹೆಸರು ಕೊಟ್ಟದ್ದು ಡ್ರೆಕ್ಸಿಯಾದ ನಂಟು.

ಹನ್ನೊಂದು ದಾಟಿದ ಮೇಲೆ ಅರವತ್ತರ ಹತ್ತಿರದ ಒಬ್ಬರು, ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು, ನಡುವೆ ಬಂದು ‘ಜಿಟ್’ ಕುಣಿಯತೊಡಗಿದರು. ಎಪ್ಪತ್ತರ ದಶಕದಲ್ಲಿ ಈ ನಗರದ ಬೀದಿಗಳಲ್ಲಿ ಹುಟ್ಟಿದ ಪಾದದ ಕುಣಿತ ಅದು. ಡ್ರಮ್ಮು ಬಿಟ್ಟ ಅಕ್ಷರಗಳನ್ನೆಲ್ಲ ಅವರ ಪಾದಗಳು ಹೆಕ್ಕಿ ತುಂಬುತ್ತಿದ್ದವು. ಸೊಂಟದ ಮೇಲೆ ದೇಹ ಅಲುಗುವುದೇ ಅಪರೂಪ. ನಾನು ತೊಡೆಯ ಮೇಲೆ ತಾಳ ಹಾಕುತ್ತ ನೋಡಿದೆ, ನನ್ನ ಲೆಕ್ಕ ಒಮ್ಮೆ ತಪ್ಪಿತು, ಅವರದ್ದು ತಪ್ಪಲಿಲ್ಲ. ಭಾವ ಮೊದಲ ಬಾರಿಗೆ ಫೋನು ಜೇಬಿಗಿಟ್ಟರು.

ಮಾರನೆಯ ಬೆಳಿಗ್ಗೆ ಅವರಿಗೆ ಕಚೇರಿ ಇತ್ತು, ಹನ್ನೆರಡೂವರೆಗೆ ಹೊರಟೆವು. ಐ-94ರಲ್ಲಿ ಡ್ರೆಕ್ಸಿಯಾ ಹಾಕಿದೆ. ಮೂರನೆಯ ಹಾಡಿನ ನಡುವೆ ಭಾವ ಹುಬ್ಬು ಗಂಟಿಕ್ಕಿ, ಧ್ವನಿ ಕಡಿಮೆ ಮಾಡಿ, ಕಿವಿಗೊಟ್ಟು ಕೇಳಿದರು: “ಈ ಕಟಕಟ ಸದ್ದು ಬಲಗಡೆ ಹಿಂದಿನ ಚಕ್ರದ್ದೋ ಅಥವಾ ಇವರದ್ದೋ?”

ಇವರದ್ದೇ ಎಂದೆ. “ಹಾಗಾದರೆ ಸರಿ” ಎಂದು ಮತ್ತೆ ಧ್ವನಿ ಏರಿಸಿದರು.