ಅಮ್ಮನ ಮಂಡಿನೋವು

ಅಮ್ಮ ತಮ್ಮ ಮಂಡಿಯ ಸಂಧಿವಾತವನ್ನು ‘ಮೂಳೆ ಸವೆದಿದೆ’ ಎಂದೇ ಹೇಳುತ್ತಿದ್ದರು. ಆದರೆ ಮೊದಲು ಹಾಳಾಗುವುದು ಮೂಳೆಯಲ್ಲ, ಅದರ ತುದಿಯನ್ನು ಹೊದ್ದಿರುವ, ರಕ್ತನಾಳಗಳೇ ಇಲ್ಲದ್ದರಿಂದ ತಾನಾಗಿ ಸರಿಹೋಗುವುದು ಕಷ್ಟವಾದ ನುಣುಪಾದ ಮೃದ್ವಸ್ಥಿ. ನೋವಿಗೆ ವಿಶ್ರಾಂತಿಯೇ ಮದ್ದೆಂದು ನಾವೆಲ್ಲ ನಂಬಿದ್ದೆವು. ಫಿಸಿಯೋಥೆರಪಿಸ್ಟ್ ಹೇಳಿದ್ದು ಇದಕ್ಕೆ ತದ್ವಿರುದ್ಧ: ತೊಡೆಯ ಮುಂಭಾಗದ ಸ್ನಾಯು ಬಲಗೊಂಡಷ್ಟೂ ಕೀಲಿಗೆ ಆಸರೆ ಹೆಚ್ಚುತ್ತದೆ, ದೇಹದ ತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋದಷ್ಟು ತಗ್ಗುತ್ತದೆ.

ವ್ಯಾಯಾಮಕ್ಕೆ ಅಮ್ಮ ಬೇಗ ಒಪ್ಪಿದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಹೂ ಕಟ್ಟುವುದನ್ನು ಬಿಡಿಸುವುದೇ (ಈಳಿಗೆಮಣೆಯ ಮಾತಂತೂ ಬೇಡ) ದೊಡ್ಡ ಸಾಹಸವಾಯಿತು. ನೋವು ಹೆಚ್ಚಾದ ದಿನ ಡೈಕ್ಲೋಫೆನಾಕ್ ಮುಲಾಮು ಹಚ್ಚುತ್ತಾರೆ. ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯ ಮಾತು, ಇವೆಲ್ಲದರಿಂದಲೂ ನೋವು ತಗ್ಗದೆ ರಾತ್ರಿಯ ನಿದ್ದೆಯೂ ಕೆಟ್ಟಾಗ ಎಂದು ವೈದ್ಯರು ಸದ್ಯಕ್ಕೆ ಮುಂದೂಡಿದ್ದಾರೆ.