ಲೈಸೋಸೋಮ್ ತೂತಾದಾಗ ಮೊದಲು ಬಂದವರು

ಲೈಸೋಸೋಮ್ ಅಂದರೆ ಜೀವಕೋಶದೊಳಗೆ ಕಸ ಕರಗಿಸುವ ಪುಟ್ಟ ಚೀಲ. ಅದು ಒಡೆದರೆ ಜೀವಕೋಶದ ಕತೆ ಮುಗಿಯಿತು ಅಂತಲೇ ನಾನು ಪಿಯುಸಿಯಲ್ಲಿ ಓದಿದ್ದು. ಒಳಗಿರುವುದು ಆಮ್ಲ, ಪಿಎಚ್ 4.5ರಿಂದ 5, ಜೊತೆಗೆ ಸಿಕ್ಕಿದ್ದನ್ನೆಲ್ಲ ಕರಗಿಸುವ ಸುಮಾರು 60 ಕಿಣ್ವಗಳು. ಸೋರಿದರೆ ಅಪಾಯ ನಿಜ. ಆದರೆ ಆ ಮಧ್ಯಾಹ್ನ ಲ್ಯಾಬ್‌ನಲ್ಲಿ ನಾನು ಕಂಡದ್ದು ಬೇರೆಯೇ.

ಡಿಶ್‌ನಲ್ಲಿ ಹೀಲಾ ಕೋಶಗಳಿದ್ದವು, ಲ್ಯಾಬ್‌ಗಳಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಕೋಶಗಳು. ರಿಪೇರಿಗೆ ಬರುವ ಎಸ್ಕಾರ್ಟ್ ಗುಂಪಿನ ಒಂದು ಪ್ರೋಟೀನ್ ಹಸಿರಾಗಿ, ಸಕ್ಕರೆಗೆ ಅಂಟುವ ಗ್ಯಾಲೆಕ್ಟಿನ್-3 ಅನ್ನೋ ಪ್ರೋಟೀನ್ ಕೆಂಪಾಗಿ ಹೊಳೆಯುವಂತೆ ಮಾಡಿದ್ದೆವು. ಎಲ್‌ಎಲ್‌ಒಎಂಇ ಅನ್ನೋ ರಾಸಾಯನಿಕ ಹಾಕಿದೆ. ಲೈಸೋಸೋಮ್ ಒಳಗಿನ ಕಿಣ್ವವೇ ಅದನ್ನು ಉದ್ದದ ಸರಪಳಿಯಾಗಿ ಜೋಡಿಸುತ್ತದೆ, ಆ ಸರಪಳಿ ಪೊರೆಯನ್ನು ಹರಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಹಸಿರು ಚುಕ್ಕೆಗಳು! ಕೆಂಪು ಇನ್ನೂ ಬಂದಿರಲಿಲ್ಲ. 2018ರಲ್ಲಿ ಎರಡು ತಂಡಗಳು ಬರೆದದ್ದು ಇದನ್ನೇ, ಓದಿದ್ದೆ ಕೂಡ, ಆದರೂ ಕಣ್ಣಾರೆ ನೋಡುವಾಗ ಕುರ್ಚಿಯಲ್ಲಿ ಕೂರಲು ಆಗಲಿಲ್ಲ.

ಸಣ್ಣ ತೂತಿಗೆ ಎಸ್ಕಾರ್ಟ್ ಸಾಕು. ತೂತು ದೊಡ್ಡದಾದರೆ ಒಳಗೋಡೆಯ ಸಕ್ಕರೆ ಸರಪಳಿಗಳು ಹೊರಗೆ ಕಾಣುತ್ತವೆ, ಗ್ಯಾಲೆಕ್ಟಿನ್ ಹೋಗಿ ಹಿಡಿಯುವುದು ಅವನ್ನೇ. ಬೇಗ ರಾಸಾಯನಿಕ ತೊಳೆದು ಹೊಸ ಮೀಡಿಯಂ ಹಾಕಿದಾಗ ಹಸಿರು ನಿಧಾನವಾಗಿ ಮಾಸಿತು, ಜಾಸ್ತಿ ಚೀಲಗಳು ಕೆಂಪಾಗಲೇ ಇಲ್ಲ. ವಾಸಿಯಾಗಿದ್ದವು.

ರಿಪೇರಿಗೆ ಇನ್ನೊಂದು ದಾರಿಯೂ ಇದೆ, 2022ರಲ್ಲಿ ಪಿಟ್ಸ್‌ಬರ್ಗ್‌ನ ತಂಡ ತೋರಿಸಿದ್ದು. ಹರಿದ ಲೈಸೋಸೋಮ್‌ಗೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಅಂದರೆ ಕೋಶದೊಳಗಿನ ಪೊರೆಗಳ ಜಾಲ, ಬಂದು ಅಂಟಿಕೊಂಡು ಪೊರೆಗೆ ಬೇಕಾದ ಕೊಬ್ಬನ್ನು ಸಾಗಿಸುತ್ತದೆ. ಯಾವುದಕ್ಕೂ ಬಗ್ಗದ ಚೀಲಕ್ಕೆ ಯುಬಿಕ್ವಿಟಿನ್ ಅನ್ನೋ ಸಣ್ಣ ಪ್ರೋಟೀನಿನ ಗುರುತು ಬೀಳುತ್ತದೆ. ಕೋಶ ಅದನ್ನು ಇಡಿಯಾಗಿ ಸುತ್ತಿ ಬೇರೆ ಲೈಸೋಸೋಮ್‌ಗೆ ಕೊಟ್ಟು ಕರಗಿಸುತ್ತದೆ. ಟಿಎಫ್‌ಇಬಿ ಅನ್ನೋ ಪ್ರೋಟೀನ್ ನ್ಯೂಕ್ಲಿಯಸ್‌ಗೆ ಹೋಗಿ ಹೊಸ ಲೈಸೋಸೋಮ್‌ಗೆ ಬೇಕಾದ ಜೀನ್‌ಗಳನ್ನು ಎಬ್ಬಿಸುತ್ತದೆ.

ಇದೆಲ್ಲ ಸುಮ್ನೆ ಲ್ಯಾಬ್ ಆಟವಲ್ಲ. ನಮ್ಮ ಚಿಕ್ಕಪ್ಪನಿಗೆ ಗೌಟ್, ರಾತ್ರಿ ಹೆಬ್ಬೆರಳ ಮೇಲೆ ಹೊದಿಕೆ ತಾಗಿದರೂ ಒದ್ದಾಡುತ್ತಾರೆ. ಕೀಲಿನ ಯೂರಿಕ್ ಆಸಿಡ್ ಹರಳನ್ನು ಬಿಳಿ ರಕ್ತಕಣಗಳು ನುಂಗುತ್ತವೆ, ಹರಳು ಲೈಸೋಸೋಮ್‌ಗೆ ಹಾನಿ ಮಾಡುತ್ತದೆ, ಉರಿಯೂತ ಏಳಲು ಅದೂ ಒಂದು ಕಾರಣ. ಕಲ್ಲು ಒಡೆಯುವವರ ಶ್ವಾಸಕೋಶದಲ್ಲಿ ಸಿಲಿಕಾ ಧೂಳು ಮಾಡುವುದೂ ಇದೇ ಅಲ್ವಾ. ಅವರಿಗಾಗಿಯಾದರೂ ಈ ರಿಪೇರಿಯನ್ನು ಬಲಪಡಿಸುವ ದಾರಿ ಸಿಗಬೇಕು ಅಂತ ನನ್ನ ಆಸೆ.

ಸಂಜೆ ಇನ್ನೊಂದು ಡಿಶ್‌ಗೆ ಕ್ಯಾಲ್ಸಿಯಂ ಹಿಡಿದಿಡುವ ಬಾಪ್ಟಾ ಹಾಕಿ ಅದನ್ನೇ ಮತ್ತೆ ಮಾಡಿದೆ. ಹಸಿರು ಚುಕ್ಕೆಗಳು ತೀರಾ ಕಡಿಮೆ ಬಂದವು. ತೂತಿನಿಂದ ಸೋರುವ ಕ್ಯಾಲ್ಸಿಯಮ್ಮೇ ಎಸ್ಕಾರ್ಟ್ ಅನ್ನು ಕರೆಯುತ್ತದೆ ಅನ್ನುವ ಮಾತಿಗೆ ನಮ್ಮ ಡಿಶ್ ಕೂಡ ಹೂಂ ಅಂದಿತು.