ನಾಲ್ಕು ಜನರ ಮುಂದೆ ಒಂದು ಆಟ

ಎಡಿನ್‌ಬರೋ, 17 ಆಗಸ್ಟ್ 2023, ಗುರುವಾರ ರಾತ್ರಿ

ಮಧ್ಯಾಹ್ನ ಒಂದಕ್ಕೆ ಕೋಟೆಯ ಮೇಲಿಂದ ಹಾರಿಸುವ ತೋಪಿನ ಸದ್ದಿಗೆ ಇಂದೂ ಬೆಚ್ಚಿಬಿದ್ದೆ. ಬಂದು ಹನ್ನೊಂದು ದಿನವಾದರೂ ಕಿವಿ ಅದಕ್ಕೆ ಒಗ್ಗಿಲ್ಲ. ಆಗಸ್ಟ್ ಎಂದರೆ ಇಲ್ಲಿ ಫ್ರಿಂಜ್ ಎಂಬ ಕಲೋತ್ಸವದ ತಿಂಗಳು. ಕೋಟೆಯಿಂದ ಇಳಿಯುವ ಹಳೆಯ ಬೀದಿ ರಾಯಲ್ ಮೈಲ್‌ನಲ್ಲಿ ಹೆಜ್ಜೆಗೊಬ್ಬರು ತಮ್ಮ ಪ್ರದರ್ಶನದ ಕರಪತ್ರ ಚಾಚುತ್ತಿರುತ್ತಾರೆ. ಯಾರ ಮುಖವನ್ನೂ ನೋಡದೆ ನಡೆಯಬೇಕೆಂದು ಮಗಳು ಮೊದಲ ದಿನವೇ ಹೇಳಿಕೊಟ್ಟಿದ್ದಳು. ಆದರೆ ನಾನು ಬೆಚ್ಚಿದ್ದನ್ನು ಕಂಡು ಒಬ್ಬ ಹುಡುಗಿ ನಕ್ಕುಬಿಟ್ಟಳು. ಹಾಗೆ ನಕ್ಕವಳ ಕೈಯಿಂದ ಕಾಗದ ತೆಗೆದುಕೊಳ್ಳದಿರುವುದು ಹೇಗೆ?

ಅವಳ ಪ್ರದರ್ಶನವಿದ್ದದ್ದು ಕೌಗೇಟ್‌ನ ಒಂದು ಪಬ್ಬಿನ ಕೆಳಗಿನ ಕೋಣೆಯಲ್ಲಿ. ಸೌತ್ ಬ್ರಿಜ್ ಎಂಬ ಸೇತುವೆಗೆ 19 ಕಮಾನುಗಳಿದ್ದರೂ ಈಗ ಕಣ್ಣಿಗೆ ಬೀಳುವುದು ಈ ಬೀದಿಯ ಮೇಲೆ ಹಾದಿರುವ ಒಂದೇ. ಉಳಿದವು ಕಟ್ಟಡಗಳ ಮರೆಯಲ್ಲಿ ಹುದುಗಿವೆ. ಕೋಣೆಯಲ್ಲಿ ಮೂವತ್ತು ಕುರ್ಚಿಗಳಿದ್ದವು. ನಾವಿದ್ದದ್ದು ನಾಲ್ವರು: ನಾನು, ಒಂದು ದಂಪತಿ, ಮಳೆಗೆ ಒಳಬಂದಂತಿದ್ದ ಒಬ್ಬ ಗೃಹಸ್ಥ.

ಡ್ರೈವಿಂಗ್ ಪರೀಕ್ಷೆಯಲ್ಲಿ ಏಳು ಸಲ ನಪಾಸಾದ ಹೆಂಗಸಿನ ಕಥೆಯದು. ಖಾಲಿ ಕುರ್ಚಿಗಳಲ್ಲಿ ನಾಲ್ಕನ್ನು ಎಳೆದು ಕಾರು ಮಾಡಿಕೊಂಡಳು. ಹಿಂದೆ ನೋಡುವ ಕನ್ನಡಿಯನ್ನು ಗಾಳಿಯಲ್ಲೇ ತಿರುಗಿಸಿ ಸರಿಪಡಿಸಿ, ಅದರೊಳಗೆ ನಮ್ಮನ್ನು ನೋಡಿ, 'ಇವತ್ತು ಟ್ರಾಫಿಕ್ ಕಡಿಮೆ' ಎಂದಾಗ ನಾನು ಮನಸಾರೆ ನಕ್ಕೆ. ಆಮೇಲಿನ ಅರ್ಧ ಮಾತುಗಳು ಉಚ್ಚಾರಣೆಯ ರಭಸದಲ್ಲಿ ನನಗೆ ತಿಳಿಯಲಿಲ್ಲ. ಆದರೂ ನಕ್ಕೆ, ಏಕೆಂದರೆ ನಾನು ಸುಮ್ಮನೆ ಕುಳಿತರೆ ಸಭೆಯ ಕಾಲು ಭಾಗ ಸುಮ್ಮನಾದಂತೆ. ನಾಲ್ಕು ಜನರ ಸಭೆಯಲ್ಲಿ ಪ್ರೇಕ್ಷಕನಿಗೂ ಪಾತ್ರವಿರುತ್ತದೆ, ಮತ್ತು ಅದು ಬಹಳ ದಣಿಸುತ್ತದೆ.

ಆಟ ಮುಗಿದ ಮೇಲೆ ಅವಳು ಪ್ಲಾಸ್ಟಿಕ್ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಳು. ನಾನು ಐದು ಪೌಂಡಿನ ನೋಟು ಹಾಕಿದೆ. 'ನೀವು ಪತ್ರಿಕೆಯವರೇ? ಏನೋ ಬರೆದುಕೊಳ್ಳುತ್ತಿದ್ದಿರಿ' ಎಂದಳು. ಆ ಕಣ್ಣುಗಳಲ್ಲಿದ್ದ ಆಸೆಯನ್ನು ಕಂಡು ಸಂಕಟವಾಯಿತು. ಕೋಣೆಗೆ ಬಾಡಿಗೆಯಿಲ್ಲವಂತೆ, ಆದರೆ ಆಗಸ್ಟ್‌ನಲ್ಲಿ ಮಲಗುವ ಜಾಗದ ಬಾಡಿಗೆಗೇ ಒಂದು ವರ್ಷದ ಉಳಿತಾಯ ಕರಗಿದೆಯಂತೆ. 1947ರಲ್ಲಿ ಇಲ್ಲಿ ಅಂತರರಾಷ್ಟ್ರೀಯ ಉತ್ಸವ ಆರಂಭವಾದಾಗ ಕರೆಯದೆಯೇ ಬಂದ ಎಂಟು ತಂಡಗಳು ಅದರ ಅಂಚಿನಲ್ಲಿ ಆಡಿದ್ದರಿಂದಲೇ 'ಅಂಚು' ಎಂಬ ಅರ್ಥದ ಈ ಫ್ರಿಂಜ್ ಹುಟ್ಟಿತು. ಇಂದಿಗೂ ಜಾಗ ದೊರಕಿಸಿಕೊಂಡವರು ಯಾರಾದರೂ ಆಡಬಹುದು, ಆರಿಸುವವರಿಲ್ಲ. ಬಾಗಿಲು ತೆರೆದೇ ಇದೆ ನಿಜ, ಖರ್ಚು ಮಾತ್ರ ಒಳಬಂದವರ ತಲೆಯ ಮೇಲೆ.

ನಾನು ಪತ್ರಿಕೆಯವನಲ್ಲ, ನಿವೃತ್ತ ಮೇಷ್ಟ್ರು ಎಂದೆ. ಸಮಾಧಾನಕ್ಕೆಂದು ನಮ್ಮ ಕಡೆಯ ಹರಕೆಯಾಟದ, ಅಂದರೆ ಹರಕೆ ಹೊತ್ತವರು ತಮ್ಮ ಖರ್ಚಿನಲ್ಲಿ ಆಡಿಸುವ ಯಕ್ಷಗಾನದ, ಸಂಗತಿ ಹೇಳಿದೆ: ಕಟೀಲು, ಮಂದಾರ್ತಿ ದೇವಸ್ಥಾನಗಳ ಮೇಳಗಳ ಆಟ ಆಡಿಸಲು ಜನ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಾರೆ, ಬೆಳಗಿನ ಜಾವಕ್ಕೆ ಎದುರಿಗೆ ಮನೆಯವರಷ್ಟೇ ಉಳಿದರೂ ವೇಷಧಾರಿಗಳ ಸಂಬಳಕ್ಕೆ ಕುತ್ತಿಲ್ಲ.

'ಹಾಗಾದರೆ ಅವರು ಆಡುವುದು ಯಾರಿಗಾಗಿ?'

'ದೇವರಿಗಾಗಿ' ಎಂದುಬಿಟ್ಟೆ. ಮರುಕ್ಷಣವೇ ಮಾತು ಅತಿಯಾಯಿತು ಅನ್ನಿಸಿತು. ಆ ಹೊತ್ತಿಗೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣ ಒರೆಸುತ್ತ ಮೊದಲ ಬಸ್ಸಿನ ವೇಳೆ ವಿಚಾರಿಸುವವರನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಅವಳು ಬಕೆಟ್ಟಿನೊಳಗೆ ನೋಡುತ್ತ, 'ನಮಗೆ ವಿಮರ್ಶಕರೇ ದೇವರು, ನಾಲ್ಕು ಸ್ಟಾರ್ ಕೊಟ್ಟರೆ ಪ್ರಸಾದ' ಎನ್ನುವ ಅರ್ಥದ ಏನೋ ಹೇಳಿದಳು.

ಪುಸ್ತಕದಲ್ಲಿ ನಾನು ಬರೆದುಕೊಳ್ಳುತ್ತಿದ್ದದ್ದು ಮಗಳು ತರಹೇಳಿದ್ದ ಹಾಲು, ಬ್ರೆಡ್, ಹಸಿಶುಂಠಿ. ಅದನ್ನು ಅವಳಿಗೆ ಹೇಳಲಿಲ್ಲ. ಶುಂಠಿ ತರುವುದನ್ನೂ ಮರೆತೆ.

ಗುರುತಿನವರಿಗೆ ಹಂಚಿ ಎಂದು ಅವಳು ಕೊಟ್ಟ ಕರಪತ್ರಗಳ ಕಟ್ಟು ಈಗ ಮೇಜಿನ ಮೇಲಿದೆ. ಈ ಊರಿನಲ್ಲಿ ನನಗೆ ಗುರುತಿನವರೆಂದರೆ ಮಗಳು ಮತ್ತು ಅಳಿಯ. ಇಬ್ಬರಿಗೂ ರಜೆಯಿಲ್ಲ. 'ಅಪ್ಪ, ನೀವೇ ನಾಳೆ ಬೀದಿಯಲ್ಲಿ ನಿಂತು ಹಂಚಿ' ಎಂದು ಮಗಳು ತಮಾಷೆ ಮಾಡಿದಳು. ಕೋಟೆಯ ಕಡೆಯಿಂದ ಟ್ಯಾಟೂ ಎಂಬ ಸೇನಾ ವಾದ್ಯಮೇಳಗಳ ಪ್ರದರ್ಶನದ ಸಿಡಿಮದ್ದು ಕೇಳಿಸುತ್ತಿದೆ. ನಿಲ್ಲಬಹುದೇನೋ. ಆದರೆ ಮುಖವನ್ನೇ ನೋಡದೆ ಹೋಗುವವರನ್ನು ಈ ನನ್ನ ಇಂಗ್ಲಿಷಿನಲ್ಲಿ ಏನೆಂದು ಕೂಗಿ ನಿಲ್ಲಿಸುವುದು, ಅದೂ ಒಂದು ಗಂಟೆಯ ತೋಪು ಹಾರುವ ಮುಂಚೆ...